ದಡ ಕಾಣದ ವಾರ: ಸಾಗರ ದಾಟುವ ಕ್ರೂಸ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಏಪ್ರಿಲ್‌ನಲ್ಲೂ ಅಕ್ಟೋಬರ್–ನವೆಂಬರ್‌ನಲ್ಲೂ ಅಟ್ಲಾಂಟಿಕ್ ದಾಟುವ ಕ್ರೂಸ್‌ಗಳು ಅಚ್ಚರಿ ಎನಿಸುವಷ್ಟು ಕಡಿಮೆ ದರಕ್ಕೆ ಸಿಗುತ್ತವೆ. ಹಡಗಿನಲ್ಲಿ ಏನಾದರೂ ಕೊರತೆ ಇರುತ್ತದೆಯೇ?

ಉತ್ತರ: ಹಡಗಿನಲ್ಲಿ ಕೊರತೆ ಇರುವುದಿಲ್ಲ. ದಾರಿಯಲ್ಲಿ ಊರುಗಳಿರುವುದಿಲ್ಲ, ಅಷ್ಟೆ. ಚಳಿಗಾಲವಿಡೀ ಕೆರಿಬಿಯನ್ ದ್ವೀಪಗಳ ನಡುವೆ ಓಡಾಡುವ ಹಡಗುಗಳು ಬೇಸಿಗೆಗೆ ಯುರೋಪಿನ ಕಡೆ ಹೋಗುತ್ತವೆ, ಚಳಿ ಶುರುವಾಗುವ ಮುನ್ನ ಮರಳುತ್ತವೆ. ಹೇಗೂ ದಾಟಲೇಬೇಕು, ಖಾಲಿ ಹೋಗುವ ಬದಲು ದರ ಇಳಿಸಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಾರೆ. ಇಂಥವಕ್ಕೆ ರಿಪೊಸಿಷನಿಂಗ್ ಕ್ರೂಸ್ ಎಂದು ಹೆಸರು. ಸಾಮಾನ್ಯವಾಗಿ 12ರಿಂದ 16 ರಾತ್ರಿ. ಅಜೋರ್ಸ್ ದ್ವೀಪಗಳ ಪೊಂಟಾ ಡೆಲ್ಗಾಡಾ, ಮಡೇರಾ ದ್ವೀಪದ ಫುಂಚಾಲ್, ಕ್ಯಾನರಿ ದ್ವೀಪಗಳ ಟೆನೆರೀಫ್ ಮುಂತಾದ ಒಂದೆರಡು ಬಂದರುಗಳಲ್ಲಿ ನಿಂತು, ಐದಾರು ದಿನ, ಕೆಲವೊಮ್ಮೆ ವಾರ ಪೂರ್ತಿ ನೀರಿನ ಮೇಲೆಯೇ ಇರಬೇಕಾಗುತ್ತದೆ.

ಇನ್ನೊಂದು ಬಗೆಯದು ಕ್ವೀನ್ ಮೇರಿ 2. 2004ರಲ್ಲಿ ಸೇವೆಗಿಳಿದ, 345 ಮೀಟರ್ ಉದ್ದದ ಈ ಹಡಗು ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ಸಾಮಾನ್ಯವಾಗಿ 7 ರಾತ್ರಿಗಳಲ್ಲಿ, ನಡುವೆ ಎಲ್ಲೂ ನಿಲ್ಲದೆ ದಾಟುತ್ತದೆ. ಸಾಗರ ದಾಟುವುದಕ್ಕೆಂದೇ ಕಟ್ಟಿದ್ದು: ಮೂತಿ ಉದ್ದ, ಒಡಲು ಗಟ್ಟಿ, ವೇಗವೂ ಹೆಚ್ಚು.

ಟಿಕೆಟ್ ದರ ನೋಡಿ ಮರುಳಾಗಬೇಡಿ. ಪ್ರಯಾಣ ಒಂದೇ ದಿಕ್ಕಿನದು, ಮರಳಲು ವಿಮಾನದ ಖರ್ಚು ಬೇರೆ. ಸಿಬ್ಬಂದಿಯ ಟಿಪ್ಸ್ ತಲೆಗೆ, ದಿನಕ್ಕೆ ಇಷ್ಟು ಎಂದು ಖಾತೆಗೆ ಸೇರುತ್ತದೆ. ರಾತ್ರಿಗಳು ಹೆಚ್ಚಿದಂತೆ ಅದೂ ಬೆಳೆಯುತ್ತದೆ. ಒಬ್ಬರೇ ಹೋದರೆ ಬಹಳಷ್ಟು ಕಂಪನಿಗಳು ಇಬ್ಬರ ದರಕ್ಕೆ ಹತ್ತಿರದ ಮೊತ್ತವನ್ನೇ ಕೇಳುತ್ತವೆ. ಇವೆಲ್ಲ ಕೂಡಿಸಿದ ಮೇಲೆ ಲೆಕ್ಕ ಹಾಕಿ. ಬಂದರುಗಳನ್ನು ನೋಡುವ ಆಸೆಯಿಂದ ಹೊರಟವರಿಗೆ ಇದು ಎಷ್ಟು ಅಗ್ಗವಾದರೂ ದುಬಾರಿಯೇ. ಹಡಗಿನ ಮೇಲಿರುವುದೇ ಇಷ್ಟ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯಾಣ ಇಲ್ಲ.

ಪ್ರಶ್ನೆ: ಯಾವ ದಿಕ್ಕಿಗೆ ಹೋದರೂ ಒಂದೇ ಅಲ್ಲವೇ? ಮೊದಲ ಸಲ ಹೋಗುವವರು ಯಾವುದನ್ನು ಆರಿಸಬೇಕು?

ಉತ್ತರ: ಒಂದೇ ಅಲ್ಲ. ಹೆಚ್ಚಿನವರು ದರ ಮತ್ತು ಹಡಗಿನ ಹೆಸರು ನೋಡಿ ಬುಕ್ ಮಾಡುತ್ತಾರೆ, ದಿಕ್ಕನ್ನು ನೋಡುವುದೇ ಇಲ್ಲ. ಪ್ರಯಾಣ ಹೇಗಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಅದೇ.

ಗಡಿಯಾರದಿಂದ ಶುರು ಮಾಡೋಣ. ಪಶ್ಚಿಮಕ್ಕೆ ಹೋಗುವಾಗ ಕೆಲವು ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಆ ದಿನಕ್ಕೆ 25 ಗಂಟೆ. ಒಂದು ಗಂಟೆ ನಿದ್ದೆ ಹೆಚ್ಚು. ಪೂರ್ವಕ್ಕೆ ಹೋದರೆ 23 ಗಂಟೆಯ ದಿನಗಳು. ನ್ಯೂಯಾರ್ಕ್‌ನಿಂದ ಸೌತಾಂಪ್ಟನ್‌ಗೆ 5 ಗಂಟೆ ವ್ಯತ್ಯಾಸ. ಏಪ್ರಿಲ್‌ನಲ್ಲಿ ಫ್ಲಾರಿಡಾದಿಂದ ಬಾರ್ಸಿಲೋನಾಗೆ 6 ಗಂಟೆ. ಒಂದು ವಾರದಲ್ಲಿ ಐದಾರು ಸಲ ಒಂದು ಗಂಟೆ ಕಳೆದುಕೊಂಡರೆ ಕೊನೆಯ ದಿನಗಳಲ್ಲಿ ಬೆಳಗಿನ ತಿಂಡಿಗೆ ಏಳುವುದೇ ಕಷ್ಟ. ಇದನ್ನು ತಗ್ಗಿಸಲು ಕೆಲವು ಹಡಗುಗಳಲ್ಲಿ ಪೂರ್ವದ ಹಾದಿಯಲ್ಲಿ ಮಧ್ಯಾಹ್ನ 12ಕ್ಕೆ ಗಡಿಯಾರ ಮುಂದಿಡುತ್ತಾರೆ.

ಇನ್ನು ಗಾಳಿ. ಸೌತಾಂಪ್ಟನ್–ನ್ಯೂಯಾರ್ಕ್‌ನಂಥ ಉತ್ತರದ ಹಾದಿಯಲ್ಲಿ ಗಾಳಿ ಬಹುಪಾಲು ಪಶ್ಚಿಮದಿಂದ ಬೀಸುತ್ತದೆ. ಅಲ್ಲಿ ಪಶ್ಚಿಮಕ್ಕೆ ಹೋಗುವುದೆಂದರೆ ಗಾಳಿ, ಅಲೆ ಎರಡಕ್ಕೂ ಎದುರಾಗುವುದು. ಕ್ಯಾನರಿ ದ್ವೀಪಗಳಿಂದ ದಕ್ಷಿಣಕ್ಕೆ ಇಳಿದು ಕೆರಿಬಿಯನ್‌ಗೆ ಹೋಗುವ ಹಾದಿಯಲ್ಲಿ ಈಶಾನ್ಯದ ವಾಣಿಜ್ಯ ಮಾರುತಗಳು ಬೆನ್ನ ಹಿಂದಿನಿಂದ ಬೀಸುತ್ತವೆ. 1492ರಲ್ಲಿ ಕೊಲಂಬಸ್ ಹಿಡಿದದ್ದೂ ಈ ಗಾಳಿಯನ್ನೇ. ಗಾಳಿ ಹಿಂದಿನಿಂದ ಬಂದಾಗ ಡೆಕ್ ಮೇಲೆ ಅದರ ರಭಸ ಕಡಿಮೆ ಅನ್ನಿಸುತ್ತದೆ, ದಿನದಿಂದ ದಿನಕ್ಕೆ ಬೆಚ್ಚಗಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಸಲಕ್ಕೆ ನಮ್ಮ ಸಲಹೆ ಸ್ಪಷ್ಟ: ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ, ಯುರೋಪಿನಿಂದ ಕೆರಿಬಿಯನ್ ಕಡೆಗೆ, ದಕ್ಷಿಣದ ಹಾದಿ. ಅಲ್ಲಿ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಎಂಬುದು ನೆನಪಿರಲಿ. ಚಂಡಮಾರುತ ಎದ್ದರೆ ಹಡಗು ಸುತ್ತು ಬಳಸಿ ಹೋಗುತ್ತದೆ, ಒಂದು ಬಂದರು ತಪ್ಪಬಹುದು. ವಸಂತದಲ್ಲಿ ಪೂರ್ವಕ್ಕೆ ಹೋಗುವ ಪ್ರಯಾಣ ಬಿಸಿಲಿನಲ್ಲಿ ಶುರುವಾಗಿ ಚಳಿಯಲ್ಲಿ ಮುಗಿಯುತ್ತದೆ.

ಪ್ರಶ್ನೆ: ನನಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಹಡಗಿನಲ್ಲಿ ಒಂದು ವಾರ ಹೇಗೆ ಕಳೆಯಲಿ?

ಉತ್ತರ: ಹೋಗಬಹುದು, ಆದರೆ ತಯಾರಿ ಹತ್ತುವ ಮುಂಚೆಯೇ ಆಗಬೇಕು. ಒಳಕಿವಿ ‘ಅಲುಗಾಡುತ್ತಿದ್ದೇವೆ’ ಎನ್ನುತ್ತದೆ, ಕ್ಯಾಬಿನ್ನಿನ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಹೊಂದಾಣಿಕೆ ತಪ್ಪಿದ್ದಕ್ಕೇ ತಲೆಸುತ್ತು, ವಾಕರಿಕೆ. ಒಳಗೆ ಕೂತು ಮೊಬೈಲ್ ನೋಡಿದರೆ ಹೆಚ್ಚುವುದೂ, ಹೊರಗೆ ನಿಂತು ದಿಗಂತ ನೋಡಿದರೆ ಕಡಿಮೆಯಾಗುವುದೂ ಇದರಿಂದಲೇ. ಹೆಚ್ಚಿನವರ ದೇಹ ಎರಡು ಮೂರು ದಿನಗಳಲ್ಲಿ ಹೊಂದಿಕೊಳ್ಳುತ್ತದೆ.

ಮಾತ್ರೆಯನ್ನು ವಾಕರಿಕೆ ಬಂದ ಮೇಲೆ ನುಂಗಿ ಪ್ರಯೋಜನವಿಲ್ಲ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮೆಕ್ಲಿಜಿನ್ ಆದರೆ ಹಡಗು ಹೊರಡುವ ಒಂದು ಗಂಟೆ ಮೊದಲು, ವಯಸ್ಕರಿಗೆ ದಿನಕ್ಕೊಮ್ಮೆ 25ರಿಂದ 50 ಮಿಲಿಗ್ರಾಂ, ನಿದ್ದೆ ಬರುತ್ತದೆ. ಸ್ಕೊಪೊಲಮಿನ್ ಪ್ಯಾಚ್ ಅನ್ನು ಕನಿಷ್ಠ 4 ಗಂಟೆ ಮೊದಲು ಕಿವಿಯ ಹಿಂದೆ ಅಂಟಿಸಿದರೆ ಮೂರು ದಿನ ಕೆಲಸ ಮಾಡುತ್ತದೆ. ಬಾಯಿ ಒಣಗುತ್ತದೆ, ಕೆಲವರಿಗೆ ಕಣ್ಣು ಮಂಜಾಗುತ್ತದೆ. ಅಂಟಿಸಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣು ಮುಟ್ಟಬೇಡಿ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರು, ಪ್ರಾಸ್ಟೇಟ್ ತೊಂದರೆ ಇರುವವರು, ಗರ್ಭಿಣಿಯರು ಎರಡರಲ್ಲಿ ಯಾವುದನ್ನೇ ಆಗಲಿ ವೈದ್ಯರನ್ನು ಕೇಳದೆ ಬಳಸಬಾರದು. ತೀರಾ ಜೋರಾದರೆ ಹಡಗಿನ ವೈದ್ಯರ ಬಳಿ ಇಂಜೆಕ್ಷನ್ ಇರುತ್ತದೆ. ಖಾಲಿ ಹೊಟ್ಟೆ ಒಳ್ಳೆಯದಲ್ಲ. ಒಣ ಬಿಸ್ಕತ್ತು, ಸೇಬು, ಶುಂಠಿಯನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿರಿ.

ಸ್ಟೆಬಿಲೈಸರ್ ಇದೆ, ಅಲುಗಾಟವೇ ಇಲ್ಲ ಎಂದು ಏಜೆಂಟರು ಹೇಳಿದರೆ ಅರ್ಧ ನಿಜ. ಹಡಗಿನ ಎರಡೂ ಬದಿ ನೀರಿನೊಳಗೆ ಚಾಚಿಕೊಳ್ಳುವ ಆ ರೆಕ್ಕೆಗಳು ಎಡಬಲ ಓಲಾಟವನ್ನು ಬಹಳಷ್ಟು ತಗ್ಗಿಸುತ್ತವೆ. ಮೂತಿ ಏಳುವ ಬೀಳುವ ಆಟಕ್ಕೆ ಅವುಗಳಿಂದ ಏನೂ ಆಗುವುದಿಲ್ಲ. ಎದುರು ಅಲೆಯಲ್ಲಿ ಕಾಡುವುದು ಆ ಎರಡನೆಯದೇ. ಅದಕ್ಕೆ ಮದ್ದು ಕ್ಯಾಬಿನ್ ಇರುವ ಜಾಗ. ಮಕ್ಕಳು ಆಡುವ ಸೀಸಾ ಹಲಗೆಯ ನಡುವೆ ಕೂತವರಿಗೂ ತುದಿಯಲ್ಲಿ ಕೂತವರಿಗೂ ಇರುವಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ: ಹಡಗಿನ ಉದ್ದದ ನಟ್ಟನಡುವೆ, ಕೆಳಗಿನ ಡೆಕ್‌ನಲ್ಲಿ ಅಲುಗಾಟ ಎಲ್ಲಕ್ಕಿಂತ ಕಡಿಮೆ.

ಸಮುದ್ರ ಕೆರಳಿದ ದಿನ ಮೇಲಿನ ಡೆಕ್‌ಗಳನ್ನು ಮುಚ್ಚುತ್ತಾರೆ, ಈಜುಕೊಳದ ನೀರು ಖಾಲಿ ಮಾಡುತ್ತಾರೆ. ಅಂದು ಹೆಚ್ಚು ಪೆಟ್ಟಾಗುವುದು ಮೆಟ್ಟಿಲಲ್ಲಿ ಮತ್ತು ಬಾಗಿಲಲ್ಲಿ. ಒಂದು ಕೈ ಸದಾ ಕಂಬಿಯ ಮೇಲಿರಲಿ. ಡೆಕ್‌ನ ಭಾರವಾದ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ; ಚೌಕಟ್ಟಿನ ಮೇಲೆ ಬೆರಳಿಡಬೇಡಿ. ಮಲಗುವ ಮುನ್ನ ಗಾಜಿನ ಸಾಮಾನನ್ನು ನೆಲದ ಮೇಲೆ ಇಳಿಸಿಡಿ.

ಪ್ರಶ್ನೆ: ಬಾಲ್ಕನಿ ಇರುವ ಕ್ಯಾಬಿನ್‌ಗೆ ಹೆಚ್ಚು ಹಣ ಕೊಡುವುದು ಸಾರ್ಥಕವೇ?

ಉತ್ತರ: ಉತ್ತರದ ಹಾದಿಯಾದರೆ ಬೇಡ. ಹಡಗು 20 ನಾಟ್ ವೇಗದಲ್ಲಿ ಹೋಗುತ್ತಿದೆ ಎಂದರೆ ಗಂಟೆಗೆ 37 ಕಿ.ಮೀ. ಎದುರಿನಿಂದ ಅಷ್ಟೇ ವೇಗದ ಗಾಳಿ ಬೀಸಿದರೆ ಡೆಕ್ ಮೇಲೆ ಅದು 74 ಕಿ.ಮೀ. ಆಗುತ್ತದೆ. ಬಾಲ್ಕನಿ ಕುರ್ಚಿ ಹೆಚ್ಚಿನ ದಿನ ಖಾಲಿಯೇ ಇರುತ್ತದೆ. ದಕ್ಷಿಣದ ಬೆಚ್ಚನೆಯ ಹಾದಿಯಲ್ಲಿ ಅದು ನಿಜಕ್ಕೂ ಸುಖ. ಆಗ ಬದಿ ನೋಡಿ ಆರಿಸಿ: ಆ ತಿಂಗಳುಗಳಲ್ಲಿ ಹಗಲಿನ ಸೂರ್ಯ ದಕ್ಷಿಣಕ್ಕಿರುವುದರಿಂದ ಪಶ್ಚಿಮಕ್ಕೆ ಹೋಗುವಾಗ ಎಡಬದಿಗೆ, ಪೂರ್ವಕ್ಕೆ ಹೋಗುವಾಗ ಬಲಬದಿಗೆ ಬಿಸಿಲು.

ಪ್ರಶ್ನೆ: ನಡುಸಾಗರದಲ್ಲಿ ಹೃದಯಾಘಾತದಂಥ ತುರ್ತು ಬಂದರೆ?

ಉತ್ತರ: ಹಡಗಿನಲ್ಲಿ ವೈದ್ಯರು, ನರ್ಸ್‌ಗಳು, ಇಸಿಜಿ, ಎಕ್ಸ್‌–ರೇ, ರಕ್ತಪರೀಕ್ಷೆಯ ಸಣ್ಣ ಪ್ರಯೋಗಾಲಯ ಇರುತ್ತವೆ. ದೊಡ್ಡ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ. ಡಯಾಲಿಸಿಸ್ ಸಾಮಾನ್ಯವಾಗಿ ಇರುವುದಿಲ್ಲ. ಅವರ ಕೆಲಸ ರೋಗಿಯ ಸ್ಥಿತಿ ಕೆಡದಂತೆ ನೋಡಿಕೊಂಡು ದಡ ಮುಟ್ಟಿಸುವುದು. ಹೆಲಿಕಾಪ್ಟರ್ ಎಂದರೆ ದಡದಿಂದ ಕೆಲವು ನೂರು ಕಿ.ಮೀ. ಒಳಗೆ ಮಾತ್ರ, ಅದರಾಚೆ ಬರಲಾರದು. ದಾರಿ ಬದಲಿಸಿದರೂ ಹತ್ತಿರದ ದ್ವೀಪ ಎರಡು ಮೂರು ದಿನ ದೂರ ಇರಬಹುದು. ಇತ್ತೀಚೆಗೆ ಹೃದಯದ ತೊಂದರೆ ಕಾಣಿಸಿಕೊಂಡವರು, ಶಸ್ತ್ರಚಿಕಿತ್ಸೆ ಆಗಿ ಇನ್ನೂ ಚೇತರಿಸಿಕೊಳ್ಳುತ್ತಿರುವವರು ಈ ಒಂದು ಸಂಗತಿಯನ್ನು ತಮ್ಮ ವೈದ್ಯರ ಮುಂದಿಟ್ಟು ಕೇಳಲೇಬೇಕು. ಬಹುತೇಕ ಕಂಪನಿಗಳು ಪ್ರಯಾಣ ಮುಗಿಯುವ ಹೊತ್ತಿಗೆ 24 ವಾರ ತುಂಬುವ ಗರ್ಭಿಣಿಯರನ್ನು ಹತ್ತಿಸಿಕೊಳ್ಳುವುದಿಲ್ಲ. ಸಾಗರ ದಾಟುವ ಪ್ರಯಾಣಕ್ಕೆ ಒಂದು ವರ್ಷ ತುಂಬದ ಮಗುವನ್ನೂ ಹಲವು ಕಂಪನಿಗಳು ಒಪ್ಪುವುದಿಲ್ಲ.

ಚಿಕಿತ್ಸೆಯ ಬಿಲ್ ನಿಮ್ಮ ಹಡಗಿನ ಖಾತೆಗೆ ಬರುತ್ತದೆ; ಮೊದಲು ಕಟ್ಟಿ, ಆಮೇಲೆ ವಿಮೆಯಿಂದ ಪಡೆಯಬೇಕು. ಪಾಲಿಸಿಯಲ್ಲಿ ಕ್ರೂಸ್ ಪ್ರಯಾಣಕ್ಕೂ, ತುರ್ತಾಗಿ ಸ್ಥಳಾಂತರಿಸುವ ಖರ್ಚಿಗೂ ರಕ್ಷಣೆ ಇದೆ ಎಂದು ಬರೆದಿರಬೇಕು. ಸಾಮಾನ್ಯ ಆರೋಗ್ಯ ವಿಮೆಯನ್ನು ನಂಬಿ ಹೊರಡಬೇಡಿ.

ನಿಮ್ಮ ಮಾತ್ರೆಗಳನ್ನು ಪ್ರಯಾಣದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗಿ, ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ದಿನಕ್ಕೊಂದು ಬಿಪಿ ಮಾತ್ರೆಗೆ ಒಂದು ಗಂಟೆ ಆಚೀಚೆ ಆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇನ್ಸುಲಿನ್, ಮೂರ್ಛೆರೋಗದ ಮಾತ್ರೆಗಳ ವೇಳೆಯನ್ನು ಗಡಿಯಾರ ಬದಲಾದಂತೆ ಹೇಗೆ ಸರಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಹೊರಟ ಬಂದರಿನ ಸಮಯವನ್ನೇ ತೋರಿಸುವ ಇನ್ನೊಂದು ಕೈಗಡಿಯಾರ ಇದ್ದರೆ ಗೊಂದಲ ತಪ್ಪುತ್ತದೆ.

ಹಡಗಿನಲ್ಲಿ ಬೇಗ ಹಬ್ಬುವ ವಾಂತಿಭೇದಿಗೆ ಮುಖ್ಯ ಕಾರಣ ನೊರೊವೈರಸ್. ಇದಕ್ಕೆ ಸ್ಯಾನಿಟೈಸರ್ ಸಾಲದು. ಊಟಕ್ಕೆ ಮೊದಲು 20 ಸೆಕೆಂಡ್ ಸೋಪು, ನೀರು. ಲಕ್ಷಣ ಕಂಡರೆ ಮುಚ್ಚಿಡದೆ ತಿಳಿಸಿ. ಒಂದೆರಡು ದಿನ ಕ್ಯಾಬಿನ್ ಬಿಟ್ಟು ಬರಬೇಡಿ ಎನ್ನುತ್ತಾರೆ, ಅದು ಎಲ್ಲರ ಒಳ್ಳೆಯದಕ್ಕೆ.

ಪ್ರಶ್ನೆ: ಒಂದು ವಾರ ಬರೀ ನೀರು. ಬೇಸರವಾಗುವುದಿಲ್ಲವೇ?

ಉತ್ತರ: ಉಪನ್ಯಾಸ, ಸಂಗೀತ, ಗ್ರಂಥಾಲಯ, ಆಟ ಎಲ್ಲವೂ ಇರುತ್ತವೆ, ಮರುದಿನದ ಕಾರ್ಯಕ್ರಮ ಪಟ್ಟಿ ಹಿಂದಿನ ಸಂಜೆಯೇ ಸಿಗುತ್ತದೆ. ಆದರೆ ನೀರನ್ನು ‘ಬರೀ’ ಎನ್ನಬೇಡಿ. ಬೆಚ್ಚನೆಯ ಭಾಗದಲ್ಲಿ ಹಡಗಿನ ಮೂತಿಯ ಬಳಿ ನಿಂತು ಕೆಳಗೆ ನೋಡಿದರೆ ಹಾರುವ ಮೀನುಗಳು ಗುಂಪುಗುಂಪಾಗಿ ಚಿಮ್ಮುತ್ತವೆ. ಹಳದಿ–ಕಂದು ಬಣ್ಣದ ಸರ್ಗಾಸಮ್ ಪಾಚಿ ಗಾಳಿಯ ದಿಕ್ಕಿಗೆ ಉದ್ದುದ್ದ ಸಾಲಾಗಿ ತೇಲುತ್ತದೆ. ಅಜೋರ್ಸ್ ಸುತ್ತಮುತ್ತ ತಿಮಿಂಗಿಲ ಕಾಣುವ ಸಾಧ್ಯತೆ ಹೆಚ್ಚು. ನೀರು ಶಾಂತವಾಗಿರುವ ಬೆಳಗ್ಗೆ ಬೈನಾಕ್ಯುಲರ್ ಹಿಡಿದು ಕಾಯಿರಿ, 7x50 ಅಥವಾ 8x42 ಸಾಕು (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು), ಅದಕ್ಕಿಂತ ಹೆಚ್ಚು ಪಟ್ಟಿನದಾದರೆ ಅಲುಗಾಟದಲ್ಲಿ ನೋಟ ನಿಲ್ಲುವುದಿಲ್ಲ. ಉತ್ತರದ ಹಾದಿಯಲ್ಲಿ ನ್ಯೂಫೌಂಡ್ಲೆಂಡ್ ಬಳಿ ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಪ್ರವಾಹದ ಮೇಲಿನ ಬಿಸಿ ಗಾಳಿ ಲ್ಯಾಬ್ರಡಾರ್ ಪ್ರವಾಹದ ತಣ್ಣೀರ ಮೇಲೆ ಹಾದು ದಟ್ಟ ಮಂಜು ಕವಿಯುತ್ತದೆ. ಆಗ ಎರಡು ನಿಮಿಷಕ್ಕೊಮ್ಮೆಯಾದರೂ ಹಡಗು ಉದ್ದವಾಗಿ ಸೀಟಿ ಹಾಕಬೇಕೆಂಬುದು ನಿಯಮ, ಗಾಬರಿ ಬೇಡ. ಗಾಬರಿಪಡಬೇಕಾದ ಸದ್ದು ಬೇರೆ: ಏಳು ಅಥವಾ ಹೆಚ್ಚು ಚಿಕ್ಕ ಸೀಟಿ, ಕೊನೆಗೊಂದು ಉದ್ದ ಸೀಟಿ. ಹೊರಡುವ ಮೊದಲಿನ ಸುರಕ್ಷತಾ ತಾಲೀಮಿನಲ್ಲಿ ಅದನ್ನು ಕೇಳಿಸಿ, ಎಲ್ಲಿ ಸೇರಬೇಕೆಂದು ತಿಳಿಸುತ್ತಾರೆ.

ಪ್ರಶ್ನೆ: ಪೆಸಿಫಿಕ್ ದಾಟುವಾಗ ಒಂದು ದಿನವೇ ಮಾಯವಾಗುತ್ತದಂತೆ, ಹೌದೇ?

ಉತ್ತರ: ಹೌದು. ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ಪಶ್ಚಿಮಕ್ಕೆ ದಾಟಿದರೆ ಒಂದು ತಾರೀಖು ಬಿಟ್ಟುಹೋಗುತ್ತದೆ, ಪೂರ್ವಕ್ಕೆ ದಾಟಿದರೆ ಒಂದೇ ತಾರೀಖು ಎರಡು ಸಲ. ಹೋಟೆಲ್ಲನ್ನೂ ವಿಮಾನವನ್ನೂ ರಾತ್ರಿಗಳನ್ನು ಎಣಿಸಿ ಬುಕ್ ಮಾಡಬೇಡಿ, ಇಳಿಯುವ ಬಂದರಿನ ತಾರೀಖು ನೋಡಿ ಮಾಡಿ.

ಪ್ರಶ್ನೆ: ಫೋನ್, ವೀಸಾ, ಸಾಮಾನು ಇವುಗಳ ಬಗ್ಗೆ ಹೇಳಿ.

ಉತ್ತರ: ಹತ್ತಿದ ಕೂಡಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಹಡಗಿನ ಮೊಬೈಲ್ ಸಿಗ್ನಲ್ ಉಪಗ್ರಹದ ಮೂಲಕ ಬರುವಂಥದ್ದು, ಗೊತ್ತಿಲ್ಲದೆ ಅದಕ್ಕೆ ಜೋಡಿಕೊಂಡರೆ ಬಿಲ್ ಭಾರಿ. ವೈಫೈ ಪ್ಯಾಕೇಜ್ ಪ್ರತ್ಯೇಕ. ಗಡಿಯಾರವನ್ನು ಕೈಯಾರೆ ಹೊಂದಿಸಿ, ಫೋನ್ ತಾನಾಗಿ ತೋರಿಸುವ ಸಮಯ ಹಡಗಿನ ಸಮಯ ಆಗಿರಬೇಕೆಂದಿಲ್ಲ.

ಪಾಸ್‌ಪೋರ್ಟ್‌ಗೆ ಪ್ರಯಾಣ ಮುಗಿದ ಮೇಲೂ 6 ತಿಂಗಳ ಅವಧಿ ಇರಲಿ. ನೀವು ಇಳಿಯದಿದ್ದರೂ ಹಡಗು ನಿಲ್ಲುವ ದೇಶದ ವೀಸಾ ಕೇಳಬಹುದು. ಅಜೋರ್ಸ್, ಮಡೇರಾ ಪೋರ್ಚುಗಲ್‌ಗೆ ಸೇರಿವೆ, ಕ್ಯಾನರಿ ಸ್ಪೇನ್‌ಗೆ. ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ. ಬ್ರಿಟನ್‌ಗೆ ಬೇರೆ, ಅಮೆರಿಕಕ್ಕೆ ಬೇರೆ. ಕಾಗದ ಸರಿಯಿಲ್ಲದಿದ್ದರೆ ಬಂದರಿನ ಕೌಂಟರಿನಲ್ಲೇ ತಡೆಯುತ್ತಾರೆ, ಹಣವೂ ವಾಪಸ್ ಬರುವುದಿಲ್ಲ.

ಹೊರಡುವ ಊರಿಗೆ ಹಿಂದಿನ ದಿನವೇ ಸೇರಿಕೊಳ್ಳಿ. ಬೇರೆ ಕ್ರೂಸ್‌ಗಳಲ್ಲಿ ಹಡಗು ತಪ್ಪಿದರೆ ಮರುದಿನದ ಬಂದರಿನಲ್ಲಿ ಹಿಡಿಯಬಹುದು. ಇಲ್ಲಿ ಮುಂದಿನ ಬಂದರು ಸಾಗರದ ಆಚೆ ಇರಬಹುದು. ಇಸ್ತ್ರಿ ಪೆಟ್ಟಿಗೆ, ಕೆಟಲ್, ಮೇಣದಬತ್ತಿ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಇವನ್ನು ಬೆಂಕಿಯ ಭಯದಿಂದ ತೆಗೆದಿಟ್ಟುಕೊಳ್ಳುತ್ತಾರೆ. ಗಾಳಿ ತಡೆಯುವ ಜಾಕೆಟ್, ಜಾರದ ಅಡಿಯ ಬೂಟು ಯಾವ ಹಾದಿಯಲ್ಲೂ ಬೇಕು. ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕ್ಯಾಬಿನ್ ಬಾಗಿಲ ಹೊರಗೆ ಇಡಬೇಕು, ಅವು ಮತ್ತೆ ಕೈಗೆ ಸಿಗುವುದು ಬೆಳಗ್ಗೆ ಬಂದರಿನಲ್ಲಿ. ಮರುದಿನ ತೊಡುವ ಬಟ್ಟೆ, ಚಪ್ಪಲಿ, ಮಾತ್ರೆ, ಪಾಸ್‌ಪೋರ್ಟ್ ಅವುಗಳೊಳಗೆ ಹೋಗದಂತೆ ನೋಡಿಕೊಳ್ಳಿ.