ಬರೆದಿಟ್ಟ ಸ್ವರವನ್ನೇ ಮತ್ತೆ ಮತ್ತೆ ಯಾಕೆ?

ಸಂಪಾದಕರ ಉತ್ತರ

ಉಡುಪಿಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇದು:

"ಹೋದ ಸಂಚಿಕೆಯಲ್ಲಿ ಪಾಶ್ಚಾತ್ಯ ಸಂಗೀತದ ಹೊಸ ರೆಕಾರ್ಡಿಂಗ್‌ಗಳಿಗೆ ಆರು ಪುಟ ಕೊಟ್ಟಿದ್ದೀರಿ. ಬಾಖ್, ಪುಚ್ಚೀನಿ ಎಲ್ಲ ತೀರಿಕೊಂಡು ಎಷ್ಟು ಕಾಲವಾಯಿತು! ಅವರು ಬರೆದದ್ದನ್ನು ಘಟಾನುಘಟಿಗಳು ಆಗಲೇ ರೆಕಾರ್ಡ್ ಮಾಡಿ ಇಟ್ಟಿದ್ದಾರೆ. ಮತ್ತೆ ಅದನ್ನೇ ಯಾಕೆ ಮಾಡುವುದು? ನಮ್ಮ ತಾಳಮದ್ದಳೆಯಲ್ಲಾದರೆ ಅರ್ಥ ಆಯಾ ರಾತ್ರಿ ಅಲ್ಲೇ ಹುಟ್ಟುತ್ತದೆ. ನಿನ್ನೆಯ ಕೃಷ್ಣ ಇವತ್ತಿನವನಲ್ಲ. ಅವರಲ್ಲಿ ಹಾಗಿಲ್ಲ, ಸ್ವರ ಪೂರ್ತಿ ಕಾಗದದ ಮೇಲೇ ಇದೆ. ಹೆಸರಾದವರ ಮುಖ ತೋರಿಸಿ ಮಾರುವ ವ್ಯಾಪಾರ ಇದು ಅಂತ ನನಗೆ ಕಾಣುತ್ತದೆ. ಮತ್ತೆ ಈ ಒಪೆರಾ, ಅವರ ಹಾಡಿನ ನಾಟಕ, ನಮ್ಮೂರಿಗೆ ಎಂತಕ್ಕೆ? ನನಗೆ ಭಾಗವತ ಕಾಳಿಂಗ ನಾವಡರ ಕ್ಯಾಸೆಟ್ ಸಾಕು. ಕೇಳಲೇಬೇಕು ಅಂತಾದರೆ ಎಲ್ಲಿಂದ ಶುರು ಮಾಡಬೇಕು, ಅದನ್ನಾದರೂ ಹೇಳಿ."

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಎರಡು ಜಗಳ ಇವೆ. ಒಂದು ವ್ಯಾಪಾರದ್ದು, ಇನ್ನೊಂದು ಕಾಗದದ್ದು. ವ್ಯಾಪಾರದ ವಿಷಯದಲ್ಲಿ ನಾನು ನಿಮ್ಮ ಕಡೆಗೇ ಇದ್ದೇನೆ. ಕಾಗದದ ವಿಷಯದಲ್ಲಿ ಇಲ್ಲ.

ಮೊದಲು ವ್ಯಾಪಾರ. ಹೆಸರಾದವರ ಮುಖ ತೋರಿಸಿ ಮಾರುವುದು ರೆಕಾರ್ಡಿಂಗ್ ಹುಟ್ಟಿದಾಗಿನಿಂದಲೂ ಇದೆ. 1902ರ ಏಪ್ರಿಲ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಇಟಲಿಯ ಮಿಲಾನಿನ ಹೋಟೆಲ್ ಕೋಣೆಯೊಂದರಲ್ಲಿ ಯಂತ್ರ ಇಟ್ಟು ಎನ್ರಿಕೊ ಕರೂಸೊ ಹತ್ತಿರ ಹತ್ತು ಹಾಡು ಹಾಡಿಸಿದ. ಸಂಭಾವನೆ 100 ಪೌಂಡ್. ಅದರಲ್ಲೊಂದು ಹಾಡು ಆಗಷ್ಟೇ ಎರಡು ವರ್ಷದ ಹಿಂದೆ ರಂಗಕ್ಕೆ ಬಂದಿದ್ದ 'ತೋಸ್ಕಾ' ಒಪೆರಾದ್ದು. ಆ ಕಾಲಕ್ಕೆ ಅದು ಹೊಸ ಹಿಟ್. ಅದೇ ವರ್ಷದ ನವೆಂಬರ್‌ನಲ್ಲಿ ಇದೇ ಗೈಸ್‌ಬರ್ಗ್ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರನ್ನು ರೆಕಾರ್ಡ್ ಮಾಡಿದ. ಒಪೆರಾದ ದೊಡ್ಡ ತಾರೆ ಮತ್ತು ನಮ್ಮ ಹಿಂದೂಸ್ತಾನಿಯ ದೊಡ್ಡ ತಾರೆ, ಇಬ್ಬರನ್ನೂ ಒಂದೇ ವರ್ಷ ಒಬ್ಬನೇ ಮನುಷ್ಯ ತಟ್ಟೆಗೆ ಇಳಿಸಿದ. ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಕೆಲವೇ ನಿಮಿಷ. ಹಾಗಾಗಿ ಎರಡೂ ಕಡೆ ಉದ್ದದ್ದನ್ನು ಕತ್ತರಿಸಿ ತುಣುಕು ಮಾಡಿ ಮಾರುವ ಅಭ್ಯಾಸ ಬಿತ್ತು.

ಆ ಅಭ್ಯಾಸ ಇನ್ನೂ ಹೋಗಿಲ್ಲ. ಈಗ ಬರುವ ಆಲ್ಬಂಗಳಲ್ಲಿ ಅರ್ಧಕ್ಕರ್ಧ ಹೀಗೇ. ಚಂದದ ಫೋಟೋ, ದೊಡ್ಡ ಹೆಸರು, ಒಳಗೆ ಎಲ್ಲರಿಗೂ ಗೊತ್ತಿರುವ ಹನ್ನೆರಡು ಹಾಡು. ಒಂದಕ್ಕೊಂದು ಸಂಬಂಧ ಇಲ್ಲ. ಇಡೀ ರಾತ್ರಿಯ ಯಕ್ಷಗಾನ ಆಟದಿಂದ ಏರು ಪದ್ಯಗಳನ್ನಷ್ಟೇ ಆರಿಸಿ ಸಾಲಾಗಿ ಹಾಡಿಸಿದ ಹಾಗೆ. ಹತ್ತು ನಿಮಿಷ ರೋಮಾಂಚನ ಆಗುತ್ತದೆ, ಆಮೇಲೆ ಕಿವಿ ಸೋಲುತ್ತದೆ. ಅಂಥವನ್ನು ನಾವೂ ಹೊಗಳುವುದಿಲ್ಲ.

ಇನ್ನೊಂದು ಗುಟ್ಟು ಹೇಳುತ್ತೇನೆ. 'ಹೊಸ ಬಿಡುಗಡೆ' ಎಂದು ಬರುವುದೆಲ್ಲ ಹೊಸತಲ್ಲ. ಹಳೆಯ ಟೇಪನ್ನು ಶುಚಿ ಮಾಡಿ ಹೊಸ ಡಬ್ಬಿಗೆ ಹಾಕಿರುತ್ತಾರೆ. ಇದು ಯಾವಾಗಲೂ ಮೋಸ ಅಂತ ಅಲ್ಲ. ವ್ಯಾಗ್ನರ್‌ನ 'ರಿಂಗ್' ನಾಲ್ಕು ಒಪೆರಾಗಳ ಸರಣಿ, ಒಟ್ಟು ಹದಿನಾಲ್ಕು ಗಂಟೆಗೂ ಜಾಸ್ತಿ. ಅದನ್ನು ಡೆಕ್ಕಾ ಕಂಪನಿ ಗೇಯಾರ್ಗ್ ಶೋಲ್ಟಿ ಅವರ ವಾದ್ಯವೃಂದ ನಿರ್ದೇಶನದಲ್ಲಿ ವಿಯೆನ್ನಾದಲ್ಲಿ 1958ರಿಂದ 1965ರವರೆಗೆ ರೆಕಾರ್ಡ್ ಮಾಡಿತು. ಅದರ ಕತೆಯಲ್ಲಿ ಬರುವ ಕುಬ್ಜರ ಕಮ್ಮಟದ ಸದ್ದಿಗೆ ವ್ಯಾಗ್ನರ್ ಹದಿನೆಂಟು ಅಡಿಗಲ್ಲು ಬೇಕೆಂದು ಬರೆದಿದ್ದ. ನಿರ್ಮಾಪಕ ಜಾನ್ ಕಲ್ಷಾ ಹದಿನೆಂಟನ್ನೂ ಹುಡುಕಿ ತರಿಸಿದ. ಇತ್ತೀಚೆಗೆ ಮೂಲ ಟೇಪುಗಳಿಂದ ಅದನ್ನು ಮತ್ತೆ ಎತ್ತಿ ಹೊರತಂದಿದ್ದಾರೆ. ಆ ಕಬ್ಬಿಣದ ಸದ್ದಿಗೆ ಮೈ ಜುಂ ಎನ್ನುತ್ತದೆ ಮಾರಾಯ್ರೆ. ಇಂಥದ್ದಕ್ಕೆ ಕಾಸು ಕೊಡಬಹುದು.

ಇನ್ನು ಕಾಗದದ ಜಗಳ. ಎಲ್ಲ ಬರೆದಿಟ್ಟಿದ್ದಾರೆ, ಹೊಸದಾಗಿ ಏನು ಬಂತು ಎಂದು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಆದರೆ ಕಾಗದದ ಮೇಲೆ ಏನಿದೆ, ಏನಿಲ್ಲ ಎಂದು ಸ್ವಲ್ಪ ನೋಡೋಣ.

ಬಾಖ್ 1741ರಲ್ಲಿ ಅಚ್ಚು ಹಾಕಿಸಿದ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ತೆಗೆದುಕೊಳ್ಳಿ. ಮೊದಲಿಗೆ ಒಂದು ಸರಳ ರಾಗ. ಆಮೇಲೆ ಅದರ ತಳಪಾಯದ ಮೇಲೆ ಕಟ್ಟಿದ ಮೂವತ್ತು ರೂಪ. ಕೊನೆಗೆ ಅದೇ ಮೊದಲಿನ ರಾಗ. ಪ್ರತಿ ಸ್ವರವೂ ಬರೆದಿದೆ, ನಿಜ. ಆದರೆ ಎಷ್ಟು ವೇಗ? ಅದನ್ನು ಬಾಖ್ ಹೆಚ್ಚಿನ ಕಡೆ ಹೇಳಲೇ ಇಲ್ಲ. ಕೆನಡಾದ ಗ್ಲೆನ್ ಗೌಲ್ಡ್ 1955ರಲ್ಲಿ, 22 ವರ್ಷದ ಹುಡುಗನಾಗಿದ್ದಾಗ, ಇದನ್ನು ಪಿಯಾನೋದಲ್ಲಿ ನುಡಿಸಿದರು. ಮೊದಲ ರಾಗಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. 1981ರಲ್ಲಿ ಅದೇ ಮನುಷ್ಯ ಅದನ್ನೇ ಮತ್ತೆ ರೆಕಾರ್ಡ್ ಮಾಡಿದರು. ಈ ಸಲ ಅದಕ್ಕೆ ಮೂರು ನಿಮಿಷಕ್ಕೂ ಜಾಸ್ತಿ. ಇಡೀ ಕೃತಿ ಮೊದಲ ಸಲ ಸುಮಾರು 38 ನಿಮಿಷ, ಎರಡನೇ ಸಲ ಸುಮಾರು 51 ನಿಮಿಷ. ಒಂದೇ ಕಾಗದ, ಒಬ್ಬರೇ ಕಲಾವಿದರು. ಮೊದಲನೆಯದರಲ್ಲಿ ಹುಡುಗಾಟದ ಓಟ. ಎರಡನೆಯದರಲ್ಲಿ ಒಂದೊಂದು ಸ್ವರವನ್ನೂ ತೂಗಿ ಇಡುವ ನಿಧಾನ. ಎರಡನೆಯದು ಹೊರಬಂದ ಸ್ವಲ್ಪ ದಿನದಲ್ಲೇ, 1982ರಲ್ಲಿ, ಅವರು ತೀರಿಕೊಂಡರು.

ಗೌಲ್ಡ್ ಆದ ಮೇಲೆ ಇದನ್ನು ಯಾರೂ ಮುಟ್ಟಬಾರದಿತ್ತೇ? 2020ರಲ್ಲಿ ಚೀನಾದ ಲಾಂಗ್ ಲಾಂಗ್ ಒಟ್ಟಿಗೇ ಎರಡು ರೆಕಾರ್ಡಿಂಗ್ ಕೊಟ್ಟರು. ಒಂದು ಸ್ಟುಡಿಯೋದ್ದು. ಇನ್ನೊಂದು ಬಾಖ್‌ನ ಸಮಾಧಿ ಇರುವ ಲೈಪ್‌ಜಿಗ್‌ನ ಚರ್ಚಿನಲ್ಲಿ ಜನರ ಎದುರು ನುಡಿಸಿದ್ದು. ನನಗೆ ಅವರ ನಿಧಾನ ಜಾಸ್ತಿಯಾಯಿತು. ಹತ್ತಿರ ಹತ್ತಿರ ಒಂದೂವರೆ ಗಂಟೆ, ಒಂದೊಂದು ತಿರುವಿನಲ್ಲೂ ನಿಂತು ನೋಡಿಕೊಂಡು ಹೋಗುತ್ತಾರೆ. 2023ರಲ್ಲಿ ಐಸ್‌ಲ್ಯಾಂಡಿನ ವಿಕಿಂಗುರ್ ಓಲಾಫ್ಸನ್ ಅವರದ್ದು ಬಂತು. ಇದು ಬೇರೆಯೇ ಮಾತು. ಎರಡು ಕೈ ಎರಡು ದನಿಯಲ್ಲಿ ಹಾಡುವುದು ಬೇರೆ ಬೇರೆಯಾಗಿ ಕೇಳುತ್ತದೆ. ವೇಗ ಇದೆ, ಗಡಿಬಿಡಿ ಇಲ್ಲ. ಆಮೇಲೆ ಅವರು ಒಂದು ಇಡೀ ಋತು ಊರೂರಿಗೆ ಹೋಗಿ ಇದೊಂದನ್ನೇ ನುಡಿಸಿದರು. 2025ರಲ್ಲಿ ಈ ರೆಕಾರ್ಡಿಂಗ್‌ಗೆ ಗ್ರಾಮಿ ಸಿಕ್ಕಿತು. ಪ್ರಶಸ್ತಿ ಬಂತು ಅಂತ ಕೇಳಬೇಕಾಗಿಲ್ಲ. ಗೌಲ್ಡ್ ಕೇಳಿಸದ ಕೆಲವು ಎಳೆಗಳನ್ನು ಇವರು ಕೇಳಿಸುತ್ತಾರೆ, ಅದಕ್ಕೆ ಕೇಳಿ.

ಪ್ರಸಂಗದ ಪದ್ಯವೂ ಬರೆದಿಟ್ಟದ್ದೇ ಅಲ್ವಾ? ಕವಿ ಬರೆದ ಅಕ್ಷರವನ್ನು ಭಾಗವತರು ಬದಲಿಸುವುದಿಲ್ಲ. ಆದರೂ ಎಲ್ಲಿ ಎಳೆಯಬೇಕು, ಎಲ್ಲಿ ಚೆಂಡೆಗೆ ಬಿಟ್ಟುಕೊಡಬೇಕು ಎನ್ನುವುದು ಅವರ ಕೈಯಲ್ಲಿದೆ. ನಾವಡರು 1990ರಲ್ಲಿ ಹೋದರು. ಅವರ ದನಿಗೆ ಇವತ್ತೂ ಜನ ಕಿವಿ ಕೊಡುತ್ತಾರೆ. ಹಾಗೆಂದು ಕುಂದಾಪುರದ ಕಡೆಯವರು ಆಟಕ್ಕೆ ಹೋಗುವುದು ಬಿಟ್ಟರೇ?

ಒಪೆರಾದಲ್ಲಂತೂ ಕಾಗದವೇ ಒಂದಲ್ಲ. ಪುಚ್ಚೀನಿಯ 'ಟುರಾಂಡೊಟ್' ಕತೆ ಕೇಳಿ, ನಿಮಗೆ ರುಚಿಸುತ್ತದೆ. ಪೀಕಿಂಗಿನ ರಾಜಕುಮಾರಿ ಟುರಾಂಡೊಟ್. ಅವಳನ್ನು ಮದುವೆಯಾಗಲು ಬಂದವನು ಮೂರು ಒಗಟು ಬಿಡಿಸಬೇಕು. ಸೋತರೆ ತಲೆ ಹೋಗುತ್ತದೆ. ಕಲಾಫ್ ಎಂಬ ರಾಜಕುಮಾರ ಮೂರನ್ನೂ ಬಿಡಿಸುತ್ತಾನೆ. ಅವಳು ಒಪ್ಪುವುದಿಲ್ಲ. ಆಗ ಅವನೇ ಒಂದು ಸವಾಲು ಹಾಕುತ್ತಾನೆ: ಬೆಳಗಾಗುವುದರೊಳಗೆ ನನ್ನ ಹೆಸರು ಕಂಡುಹಿಡಿ, ನಾನು ಸಾಯಲು ಸಿದ್ಧ. ಹೆಸರು ಗೊತ್ತಿದ್ದವಳು ಲಿಯೂ ಎಂಬ ದಾಸಿ. ಅವನ ಮೇಲೆ ಮನಸ್ಸಿಟ್ಟವಳು. ಹೆಸರು ಹೇಳುವ ಬದಲು ತನ್ನನ್ನೇ ಇರಿದುಕೊಂಡು ಸಾಯುತ್ತಾಳೆ.

ಅಷ್ಟು ಬರೆದ ಮೇಲೆ ಪುಚ್ಚೀನಿಯ ಕೈ ನಿಂತಿತು. ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದಾಗ 1924ರ ನವೆಂಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ತೀರಿಕೊಂಡರು. ಕೊನೆಯ ಭಾಗದ ಟಿಪ್ಪಣಿ ಮಾತ್ರ ಉಳಿದಿತ್ತು. ಫ್ರಾಂಕೊ ಅಲ್ಫಾನೊ ಎಂಬವರು ಅದನ್ನಿಟ್ಟುಕೊಂಡು ಮುಕ್ತಾಯ ಬರೆದರು. ನಿರ್ದೇಶಕ ಟೊಸ್ಕನೀನಿಗೆ ಅದು ಉದ್ದವಾಯಿತು ಅನ್ನಿಸಿ ದೊಡ್ಡ ಭಾಗ ಕತ್ತರಿಸಿದರು. 1926ರ ಏಪ್ರಿಲ್ 25ರಂದು ಮಿಲಾನಿನಲ್ಲಿ ಮೊದಲ ಪ್ರದರ್ಶನ. ಆ ರಾತ್ರಿ ಅವರು ಪುಚ್ಚೀನಿ ನಿಲ್ಲಿಸಿದಲ್ಲಿಗೇ ಆಟ ನಿಲ್ಲಿಸಿದರು. ಮುಂದಿನ ಪ್ರದರ್ಶನದಿಂದ ಕತ್ತರಿಸಿದ ಮುಕ್ತಾಯವೇ ವಾಡಿಕೆಯಾಯಿತು.

2023ರಲ್ಲಿ ಬಂದ ರೆಕಾರ್ಡಿಂಗ್‌ನಲ್ಲಿ ನಿರ್ದೇಶಕ ಆಂಟೋನಿಯೊ ಪಪ್ಪಾನೊ ಅಲ್ಫಾನೊ ಬರೆದದ್ದನ್ನು ಕತ್ತರಿಸದೆ ಪೂರ್ತಿ ಹಾಡಿಸಿದ್ದಾರೆ. ಟುರಾಂಡೊಟ್ ಆಗಿ ಸೋಂಡ್ರಾ ರಾಡ್ವನೋವ್ಸ್ಕಿ, ಕಲಾಫ್ ಆಗಿ ಯೋನಾಸ್ ಕೌಫ್‌ಮನ್, ಲಿಯೂ ಆಗಿ ಎರ್ಮೊನೆಲಾ ಯಾಹೊ. ವಾಡಿಕೆಯ ಮುಕ್ತಾಯದಲ್ಲಿ ದಾಸಿಯ ಹೆಣ ಈಗಷ್ಟೇ ಹೋಗಿದೆ, ಅಷ್ಟರಲ್ಲೇ ರಾಜಕುಮಾರಿಯ ಕಲ್ಲು ಮನಸ್ಸು ಕರಗಿಬಿಡುತ್ತದೆ. ಸುಮ್ನೆ ಮಂಗಳ ಹಾಡಿ ಮುಗಿಸಿದ ಹಾಗೆ. ಪೂರ್ತಿ ಹಾಡಿದಾಗ ಅವಳಿಗೆ ಬದಲಾಗಲು ಹೊತ್ತು ಸಿಗುತ್ತದೆ. ಹೆದರಿಕೆ, ಹಟ, ನಾಚಿಕೆ ಒಂದೊಂದಾಗಿ ಬರುತ್ತವೆ. ಆದರೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಲಿಯೂ ಸತ್ತ ಮೇಲೆ ಯಾವ ಮದುವೆಯೂ ಮನಸ್ಸಿಗೆ ಹಿಡಿಸುವುದಿಲ್ಲ. ಯಾಹೊ ಆ ಸಾವನ್ನು ಹಾಡಿದ ರೀತಿಯಿಂದ ಅದು ಇನ್ನೂ ಕಷ್ಟವಾಗುತ್ತದೆ. ಆದರೆ ಅಲ್ಫಾನೊ ಏನು ಮಾಡಹೊರಟಿದ್ದರು ಎಂದು ಈಗ ಗೊತ್ತಾಯಿತು. ಒಂದು ಹೊಸ ರೆಕಾರ್ಡಿಂಗ್ ಇಷ್ಟು ಮಾಡಿದರೆ ಸಾಕು.

ಇದರ ಪಕ್ಕದಲ್ಲಿ 1972ರದ್ದನ್ನು ಇಡಿ. ಜೋನ್ ಸದರ್‌ಲ್ಯಾಂಡ್, ಪವರೊಟ್ಟಿ, ಮೊಂಟ್ಸೆರಾಟ್ ಕಬಾಯೆ. ನಿರ್ದೇಶಕರು ಮುಂಬಯಿಯಲ್ಲಿ ಹುಟ್ಟಿದ ನಮ್ಮ ಜುಬಿನ್ ಮೆಹ್ತಾ. ಸದರ್‌ಲ್ಯಾಂಡ್ ಟುರಾಂಡೊಟ್ ಪಾತ್ರವನ್ನು ರಂಗದ ಮೇಲೆ ಒಮ್ಮೆಯೂ ಮಾಡಿದವರಲ್ಲ. ರೆಕಾರ್ಡಿಂಗ್ ಇಲ್ಲದಿದ್ದರೆ ಆ ಟುರಾಂಡೊಟ್ ಇರುತ್ತಲೇ ಇರಲಿಲ್ಲ. ಇಲ್ಲಿ ಕಲಾಫ್ ಆಗಿ ಪವರೊಟ್ಟಿ ಹಾಡಿದ 'ನೆಸ್ಸುನ್ ದೋರ್ಮಾ' 1990ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಲೋಕಕ್ಕೆಲ್ಲ ಬಾಯಿಪಾಠವಾಯಿತು. ನೀವೂ ಎಲ್ಲಾದರೂ ಕೇಳಿರುತ್ತೀರಿ. ಬಿಡಿಯಾಗಿ ಕೇಳಿದರೆ ಅದು ಗೆಲುವಿನ ಹಾಡು. ಆದರೆ ಹಾಡಿನ ನಡುವೆ ದೂರದಿಂದ ಹೆಂಗಸರ ಮೇಳ ಕೇಳುತ್ತದೆ. ಹೆಸರು ಸಿಗದಿದ್ದರೆ ನಾವೆಲ್ಲ ಸಾಯಬೇಕು ಎಂದು ಅವರು ಅಳುತ್ತಿದ್ದಾರೆ. ಇವನೊಬ್ಬನ ಪ್ರೇಮಕ್ಕೆ ಊರಿಗೆ ಊರೇ ಜೀವ ಕೈಯಲ್ಲಿ ಹಿಡಿದುಕೊಂಡಿದೆ. ಒಪೆರಾದೊಳಗೆ ಈ ಹಾಡಿಗೆ ಚಪ್ಪಾಳೆಗೆಂದು ನಿಲುಗಡೆಯೂ ಇಲ್ಲ, ಸಂಗೀತ ಮುಂದಿನ ದೃಶ್ಯಕ್ಕೆ ಹರಿದುಹೋಗುತ್ತದೆ. ಕೌಫ್‌ಮನ್ ದನಿ ಗಾಢ, ಪವರೊಟ್ಟಿಯ ಹೊಳಪು ಅದರಲ್ಲಿಲ್ಲ. ಹಾಡು ಒಂದೇ ಕೇಳುವುದಾದರೆ ಪವರೊಟ್ಟಿ. ಕತೆ ಕೇಳುವುದಾದರೆ ಪಪ್ಪಾನೊ.

'ಒಪೆರಾ ನಮ್ಮೂರಿಗೆ ಎಂತಕ್ಕೆ' ಎಂಬುದಕ್ಕೆ ಜಾಸ್ತಿ ಹೇಳಲಾರೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿದ್ದೀರಲ್ಲ? ಗೋಡೆ, ಮಾಡು ತುಂಬ ಚಿತ್ರ ಬರೆದ ಮೊಸ್ಕೇನಿ ಇಟಲಿಯ ಬೆರ್ಗಾಮೊ ಕಡೆಯವರು. ಒಪೆರಾಕಾರ ದೊನಿಜೆಟ್ಟಿ ಹುಟ್ಟಿದ ಊರೂ ಅದೇ ಬೆರ್ಗಾಮೊ. ಆ ಚಿತ್ರಗಳನ್ನು ನಾವು ಪರದೇಶದ್ದು ಅಂತ ದೂರ ಇಟ್ಟಿಲ್ಲ. ಶಿವರಾಮ ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದಾಗ ಪರವಾನಗಿ ಕೇಳಲಿಲ್ಲ. ಕದ್ರಿ ಗೋಪಾಲನಾಥರು ಅದೇ ಸ್ಯಾಕ್ಸೊಫೋನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದವರೆಗೆ ಹೋದರು. ಅಲ್ಲಿ ಕೇಳಿದವರು 'ಇದು ನಮಗೆ ಯಾಕೆ' ಎಂದಿದ್ದರೆ ನಮಗೆ ಹೇಗನ್ನಿಸುತ್ತಿತ್ತು?

ಕೊನೆಗೆ, ಎಲ್ಲಿಂದ ಶುರು ಮಾಡುವುದು. ಹನ್ನೆರಡು ಹಾಡಿನ ಆಲ್ಬಂನಿಂದ ಬೇಡ. ಗೌಲ್ಡ್ 1955, ಗೌಲ್ಡ್ 1981, ಓಲಾಫ್ಸನ್ 2023. ಮೂವತ್ತು ರೂಪ ಬಿಡಿ, ಮೊದಲ ರಾಗ ಮಾತ್ರ ಒಂದರ ಮೇಲೊಂದು ಕೇಳಿ. ಎಲ್ಲ ಸೇರಿ ಒಂದು ಚಹಾ ಕುಡಿಯುವ ಹೊತ್ತು. ವ್ಯತ್ಯಾಸ ಕಿವಿಗೆ ಬಿದ್ದರೆ ಮುಂದುವರಿಸಿ. ಬೀಳದಿದ್ದರೆ ನಿಮ್ಮ ಕ್ಯಾಸೆಟ್ ಎಲ್ಲಿಗೂ ಹೋಗುವುದಿಲ್ಲ. ಫೋನಿನಲ್ಲಿ ಹುಡುಕುವಾಗ ಕೃತಿಯ ಹೆಸರು ಮಾತ್ರ ಹಾಕಬೇಡಿ, ರಾಶಿ ಬಂದು ಬೀಳುತ್ತದೆ. ಕಲಾವಿದರ ಹೆಸರು, ವರ್ಷ ಸೇರಿಸಿ.

ಒಪೆರಾವನ್ನು ಮೊದಲ ಸಲ ಕಣ್ಣಿಂದಲೂ ನೋಡಿ. ಆಪೆರಾವಿಷನ್ ಎಂಬ ತಾಣದಲ್ಲಿ ಯುರೋಪಿನ ರಂಗಮಂದಿರಗಳ ಪೂರ್ತಿ ಪ್ರದರ್ಶನಗಳು ಉಚಿತವಾಗಿ ಸಿಗುತ್ತವೆ, ಕೆಳಗೆ ಇಂಗ್ಲಿಷಿನಲ್ಲಿ ಸಾಲು ಬರುತ್ತದೆ. ಬರೀ ಕೇಳುವುದಾದರೆ ಗಾಯಕಿ ಮರಿಯಾ ಕಲಾಸ್ ಅವರ 1953ರ 'ತೋಸ್ಕಾ'. ಎಪ್ಪತ್ತು ವರ್ಷ ಕಳೆದರೂ ಅದನ್ನು ಪಕ್ಕಕ್ಕೆ ಸರಿಸಿದ ತೋಸ್ಕಾ ಬಂದಿಲ್ಲ ಎಂದು ನನ್ನ ಅಭಿಪ್ರಾಯ. ಇಲ್ಲಿ ನೀವು ಗೆದ್ದಿರಿ ಎಂದು ಬೇಕಾದರೆ ಬರೆದುಕೊಳ್ಳಿ.

ಆರು ಪುಟದ ದೂರಿಗೆ ಇಷ್ಟು ಮಾಡುತ್ತೇವೆ. ಮುಂದಿನ ಸಂಚಿಕೆಯಿಂದ ತುಣುಕು ಹಾಡಿನ ಆಲ್ಬಂಗಳ ವಿಮರ್ಶೆ ಇರುವುದಿಲ್ಲ. ಉಳಿದ ಜಾಗದಲ್ಲಿ ತಿಂಗಳಿಗೊಂದು ಒಪೆರಾದ ಕತೆಯನ್ನು ದೃಶ್ಯ ದೃಶ್ಯವಾಗಿ ಕನ್ನಡದಲ್ಲಿ ಕೊಡುತ್ತೇವೆ, ಕೇಳುವಾಗ ಮುಂದೆ ಇಟ್ಟುಕೊಳ್ಳಲು. ಮೊದಲಿಗೆ 'ತೋಸ್ಕಾ'.

— ಸಂಪಾದಕ