ಘಾಟ್‌ನ ಸ್ಪೀಡ್ ಕ್ಯಾಮೆರಾ: ಜೀವ ಉಳಿಸೋಕಾ, ದುಡ್ಡು ಮಾಡೋಕಾ?

ಪ್ರಶ್ನೆ: ನಾವು ಮೂಲತಃ ಧಾರವಾಡದವರು. ಹನ್ನೆರಡು ವರ್ಷದಿಂದ ಪುಣೆಯ ಚಿಂಚವಾಡದಲ್ಲಿದ್ದೇವೆ. ನಮ್ಮ ಯಜಮಾನರು ಕೆಲಸದ ಮೇಲೆ ವಾರಕ್ಕೆರಡು ಸಲ ಕಾರಿನಲ್ಲಿ ನವಿ ಮುಂಬೈಗೆ ಹೋಗಿ ಬರುತ್ತಾರೆ. ಹೋದ ತಿಂಗಳು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಘಾಟ್‌ನಲ್ಲಿ ಗಂಟೆಗೆ 78 ಕಿಲೋಮೀಟರ್ ವೇಗದಲ್ಲಿ ಹೋದರೆಂದು ಎರಡು ಚಲನ್ ಬಂದವು. "ಇದೆಲ್ಲ ಸರ್ಕಾರ ದುಡ್ಡು ಮಾಡೋ ದಾರಿ. ಕ್ಯಾಮೆರಾ ಕಂಡಲ್ಲಿ ಬ್ರೇಕ್ ಹಾಕಿದರೆ ಆಯ್ತು" ಅನ್ನುತ್ತಾರೆ. ಮಗ ಈಗಷ್ಟೇ ಲೈಸೆನ್ಸ್ ತಗೊಂಡಿದ್ದಾನೆ. ಅವನೂ ಇದನ್ನೇ ಕಲಿಯುತ್ತಾನೆ ಅಂತ ನನಗೆ ಭಯ. ನಿಜಕ್ಕೂ ಈ ಕ್ಯಾಮೆರಾಗಳಿಂದ ಅಪಘಾತ ಕಡಿಮೆಯಾಗುತ್ತಾ ಸರ್?
– ಓದುಗರು, ಚಿಂಚವಾಡ

ಉತ್ತರ (ರಸ್ತೆ ಸುರಕ್ಷತಾ ಎಂಜಿನಿಯರ್): ಕಡಿಮೆಯಾಗುತ್ತದೆ, ತಾಯಿ. ಆದರೆ ಎಲ್ಲ ಕ್ಯಾಮೆರಾಗಳೂ ಒಂದೇ ಅಲ್ಲ. ನಿಮ್ಮ ಯಜಮಾನರ ಸಿಟ್ಟಿನಲ್ಲೂ ಸ್ವಲ್ಪ ನ್ಯಾಯ ಇದೆ.

ಮೊದಲು ಆ 78ರ ವಿಷಯ. ಘಾಟ್‌ನಲ್ಲಿ ಕಾರಿಗೆ ಮಿತಿ 60. ಹದಿನೆಂಟು ಜಾಸ್ತಿ ಆದರೆ ಏನು ಮಹಾ ಅನ್ನಿಸುತ್ತದೆ, ಅಲ್ವಾ? ತಿರುವು ದಾಟುತ್ತಿದ್ದಂತೆ ಎದುರಿಗೆ ಪಂಕ್ಚರ್ ಆದ ಲಾರಿಯೊಂದು ನಿಂತಿದೆ ಅಂದುಕೊಳ್ಳಿ. ಕಣ್ಣು ನೋಡಿ, ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ಒಣ ರಸ್ತೆ, ಒಳ್ಳೆ ಟೈರ್, ಸಮತಟ್ಟು ನೆಲ ಅಂತಲೇ ಲೆಕ್ಕ ಹಾಕೋಣ. 60ರಲ್ಲಿದ್ದ ಕಾರು ಸುಮಾರು 45 ಮೀಟರಿಗೆ ನಿಲ್ಲುತ್ತದೆ. 78ರಲ್ಲಿದ್ದ ಕಾರು ಅದೇ ಜಾಗಕ್ಕೆ ಬಂದಾಗ ಇನ್ನೂ ಹೆಚ್ಚುಕಡಿಮೆ 60ರ ವೇಗದಲ್ಲೇ ಇರುತ್ತದೆ. ಮೊದಲನೆಯವರು ಲಾರಿಯ ಹಿಂದೆ ನಿಂತು ಉಸಿರು ಬಿಡುವ ಹೊತ್ತಿಗೆ ಎರಡನೆಯವರು 60ರಲ್ಲಿ ಲಾರಿಗೆ ಗುದ್ದಿರುತ್ತಾರೆ. ಇಳಿಜಾರಿನಲ್ಲಿ, ಮಳೆಯಲ್ಲಿ ಇದು ಇನ್ನೂ ಕೆಟ್ಟದು. ರಸ್ತೆಯ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಇನ್ನು ಕ್ಯಾಮೆರಾ. ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ, ಕಾಕ್ರೇನ್ ಎಂಬ ಸಂಶೋಧನಾ ಸಂಸ್ಥೆಯ ಪರಿಶೀಲನೆ 2010ರಲ್ಲಿ ಬಂತು. ಕ್ಯಾಮೆರಾ ಇರುವ ಜಾಗದ ಸುತ್ತಮುತ್ತ ಸಾವು ಮತ್ತು ಗಂಭೀರ ಗಾಯದ ಅಪಘಾತಗಳು ಶೇ 11ರಿಂದ 44ರ ವರೆಗೆ ಇಳಿದಿದ್ದವು. 11ಕ್ಕೂ 44ಕ್ಕೂ ತುಂಬಾ ಅಂತರ ಇದೆ. ಅದಕ್ಕೊಂದು ಕಾರಣವನ್ನು ಹೇಳಲೇಬೇಕು. ಸಾಮಾನ್ಯವಾಗಿ ಕ್ಯಾಮೆರಾ ಹಾಕುವುದು ಹಿಂದಿನ ವರ್ಷ ತುಂಬಾ ಅಪಘಾತ ಆದ ಜಾಗದಲ್ಲಿ. ಅಂಥ ಕೆಟ್ಟ ವರ್ಷದ ನಂತರ, ಏನೂ ಮಾಡದಿದ್ದರೂ ಸಂಖ್ಯೆ ಸ್ವಲ್ಪ ತಾನಾಗಿಯೇ ಇಳಿಯುತ್ತದೆ. ಆ ಇಳಿಕೆಯನ್ನೂ ಕ್ಯಾಮೆರಾದ ಲೆಕ್ಕಕ್ಕೆ ಹಾಕಿದರೆ ತಪ್ಪಾಗುತ್ತದೆ. ಅದನ್ನು ಕಳೆದು ನೋಡಿದ ಒಳ್ಳೆ ಅಧ್ಯಯನಗಳಲ್ಲೂ ಲಾಭ ಉಳಿದಿದೆ. ಅದಕ್ಕೇ ನಾನು ಕ್ಯಾಮೆರಾದ ಪರ.

"ಕ್ಯಾಮೆರಾ ಕಂಡಲ್ಲಿ ಬ್ರೇಕ್" ಅನ್ನುವ ಅಭ್ಯಾಸ ಮಾತ್ರ ನಿಜಕ್ಕೂ ಅಪಾಯ. ಬ್ರಿಟನ್‌ನ ಕ್ಯಾಮೆರಾಗಳ ಬಗ್ಗೆ 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕ್ಯಾಮೆರಾದ 500 ಮೀಟರ್ ಒಳಗೆ ಅಪಘಾತ ಇಳಿದಿತ್ತು. ಒಂದೂವರೆ ಕಿಲೋಮೀಟರ್ ಆಚೆ ಮತ್ತೆ ಏರಿದ ಸೂಚನೆ ಇತ್ತು. ಕ್ಯಾಮೆರಾ ದಾಟಿದ ಕೂಡಲೇ ಜನ ಕಾಲು ಒತ್ತುತ್ತಾರೆ. ಇದಕ್ಕೆ ಮದ್ದು ಸರಾಸರಿ ವೇಗ ಅಳೆಯುವುದು. 2024ರ ಜುಲೈನಲ್ಲಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಶುರುವಾದ ಹೊಸ ವ್ಯವಸ್ಥೆಯಲ್ಲಿ ಅದೂ ಇದೆ. ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಕಮಾನುಗಳು ಕಾಣುತ್ತವಲ್ಲ, ಅವುಗಳ ಮೇಲಿನ ಕ್ಯಾಮೆರಾ ನಿಮ್ಮ ನಂಬರ್ ಪ್ಲೇಟ್ ಓದಿ ಹೊತ್ತು ಬರೆದುಕೊಳ್ಳುತ್ತದೆ. ಮುಂದಿನ ಕಮಾನಿನಲ್ಲಿ ಮತ್ತೆ ಓದುತ್ತದೆ. ಹತ್ತು ಕಿಲೋಮೀಟರ್ ದೂರವನ್ನು 60ರಲ್ಲಿ ಹೋದರೆ ಹತ್ತು ನಿಮಿಷ ಬೇಕು. ಎಂಟೇ ನಿಮಿಷಕ್ಕೆ ಬಂದರೆ ನಿಮ್ಮ ಸರಾಸರಿ 75. ಕಮಾನಿನ ಕೆಳಗೆ ಎಷ್ಟೇ ನಿಧಾನ ಮಾಡಿದರೂ ಈ ಲೆಕ್ಕ ತಪ್ಪಿಸೋಕೆ ಆಗಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ದಂಡ ಸರ್ಕಾರಕ್ಕೆ ಆದಾಯವೇ, ಅದನ್ನು ಮುಚ್ಚಿಡಬೇಕಾಗಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್‌ನಲ್ಲಿ ಅತಿವೇಗಕ್ಕೆ ಕಾರಿಗೆ 1,000ದಿಂದ 2,000 ರೂಪಾಯಿ, ಲಾರಿ-ಬಸ್ಸಿಗೆ 2,000ದಿಂದ 4,000 ರೂಪಾಯಿ ದಂಡ ಇದೆ. ನನ್ನ ಅಳತೆಗೋಲು ಬೇರೆ. ಒಂದು ಕ್ಯಾಮೆರಾ ಹಾಕಿ ಎರಡು ವರ್ಷ ಆದ ಮೇಲೂ ಅಷ್ಟೇ ಚಲನ್ ಬೀಳುತ್ತಿದ್ದರೆ, ಆ ಕ್ಯಾಮೆರಾ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಒಂದೋ ಬೋರ್ಡ್ ಕಾಣುತ್ತಿಲ್ಲ, ಇಲ್ಲಾ ಅಲ್ಲಿನ ಮಿತಿ ಜನರಿಗೆ ಅರ್ಥವಾಗುತ್ತಿಲ್ಲ, ಇಲ್ಲಾ ಚಲನ್ ತಿಂಗಳುಗಟ್ಟಲೆ ತಡವಾಗಿ ಬರುತ್ತಿದೆ. ಸುಮ್ನೆ ದುಡ್ಡು ಎಣಿಸುತ್ತಾ ಕೂರದೆ ಇಲಾಖೆಯವರು ಅಲ್ಲಿಗೆ ಹೋಗಿ ನೋಡಬೇಕು. ಪ್ರತಿ ಕ್ಯಾಮೆರಾದ ಚಲನ್ ಸಂಖ್ಯೆಯನ್ನೂ, ಆ ಜಾಗದ ಅಪಘಾತದ ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು ವರ್ಷಕ್ಕೊಮ್ಮೆ ಜನರ ಮುಂದೆ ಇಡಬೇಕು. ಮರೆಯಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವುದನ್ನು ನಾನು ಒಪ್ಪುವುದಿಲ್ಲ. ಸಿಕ್ಕಿಬಿದ್ದವನಿಗೆ ಚಲನ್ ಬರಬಹುದು, ಆದರೆ ಆ ಹೊತ್ತಿಗೆ ಅವನ ವೇಗ ಕಡಿಮೆಯಾಗಿರುವುದಿಲ್ಲ. ಬ್ರಿಟನ್‌ನಲ್ಲಿ ಕ್ಯಾಮೆರಾ ಪೆಟ್ಟಿಗೆಗಳಿಗೆ ಹಳದಿ ಬಣ್ಣ ಬಳಿದದ್ದು ದೂರದಿಂದಲೇ ಕಾಣಲಿ ಅಂತ.

ನಮ್ಮಲ್ಲೂ ನಿಯಮ ಇದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮದ ಪ್ರಕಾರ ಕ್ಯಾಮೆರಾ ಇರುವ ರಸ್ತೆಗೆ ಮೊದಲೇ ಎದ್ದು ಕಾಣುವ ಬೋರ್ಡ್ ಇರಬೇಕು, ಯಂತ್ರಕ್ಕೆ ಪ್ರಮಾಣಪತ್ರ ಇರಬೇಕು, ತಪ್ಪು ನಡೆದ 15 ದಿನದೊಳಗೆ ನೋಟಿಸ್ ಹೋಗಬೇಕು.

ಹಾಗಂತ ಕ್ಯಾಮೆರಾ ಒಂದಿದ್ದರೆ ಸಾಕು ಅನ್ನುವವರನ್ನೂ ನಾನು ನಂಬುವುದಿಲ್ಲ. ಊರಿಂದ ಬರುವಾಗ ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆಗೆ ಇಳಿಯುತ್ತೀರಲ್ಲ, ಆ ಇಳಿಜಾರನ್ನು ನೆನಪಿಸಿಕೊಳ್ಳಿ. ನಾನು ಅಲ್ಲಿ ರಸ್ತೆ ಬದಿಗೆ ನಿಂತು ನೋಡಿದ್ದೇನೆ. ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ತುಂಬಿದ ಲಾರಿಗಳು ಸದ್ದೇ ಇಲ್ಲದೆ ಜಾರಿಕೊಂಡು ಬರುತ್ತವೆ. ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ಗೆ ಹಾಕಿರುತ್ತಾರೆ. 2022ರ ನವೆಂಬರ್ 20ರ ರಾತ್ರಿ ಇಲ್ಲೇ ಒಂದು ಲಾರಿ ನುಗ್ಗಿ ಹತ್ತಾರು ವಾಹನಗಳು ಜಖಂ ಆದವು. ಗೇರ್‌ನಲ್ಲಿದ್ದರೆ ಎಂಜಿನ್ನೇ ಲಾರಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್‌ನಲ್ಲಿ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾದು ಸೋಲುತ್ತದೆ. ಬ್ರೇಕ್ ಸೋತ ಲಾರಿಗೆ ಕ್ಯಾಮೆರಾ ಏನು ಮಾಡೀತು? ಅಲ್ಲಿ ಬೇಕಾದ್ದು ರಸ್ತೆಯ ರಿಪೇರಿ, ಇಳಿಜಾರು ಶುರುವಾಗುವ ಮೊದಲೇ ಲಾರಿ ನಿಲ್ಲಿಸಿ ತಪಾಸಣೆ.

ಎಕ್ಸ್‌ಪ್ರೆಸ್‌ವೇಯಲ್ಲೇ ಇದಕ್ಕೆ ಸಾಕ್ಷಿ ಇದೆ. 2016ರಲ್ಲಿ ಅಲ್ಲಿ 151 ಜನ ಸತ್ತಿದ್ದರು. 2019ರಲ್ಲಿ ಅದು 92ಕ್ಕೆ ಇಳಿಯಿತು. ಆಗ ಈಗಿನ ಕಮಾನುಗಳು ಇರಲಿಲ್ಲ. ರಸ್ತೆ ಸುರಕ್ಷತೆಗೆ ದುಡಿಯುವ ಸೇವ್‌ಲೈಫ್ ಫೌಂಡೇಶನ್, ರಾಜ್ಯ ರಸ್ತೆ ಅಭಿವೃದ್ಧಿ ನಿಗಮ, ಹೆದ್ದಾರಿ ಪೊಲೀಸರು ಸೇರಿ ತಡೆಬೇಲಿ ಸರಿಮಾಡಿದ್ದು, ನಿಂತ ಲಾರಿಗಳನ್ನು ಸರಿಸಿದ್ದು, ಗಾಯಗೊಂಡವರಿಗೆ ಬೇಗ ಚಿಕಿತ್ಸೆ ಸಿಗುವಂತೆ ಮಾಡಿದ್ದು, ವೇಗದ ಮೇಲೆ ಕಣ್ಣಿಟ್ಟದ್ದು ಎಲ್ಲವೂ ಕೂಡಿ ಆದ ಕೆಲಸ ಅದು.

ನಿಮ್ಮ ಎರಡು ಚಲನ್‌ಗಳನ್ನು ತೆಗೆದು ಫೋಟೊ, ಜಾಗ, ತಾರೀಖು, ಹೊತ್ತು ನೋಡಿ. ನಂಬರ್ ನಿಮ್ಮ ಕಾರಿನದ್ದೇನಾ? ಯಂತ್ರ ಬರೆದ ಮಿತಿ ಕಾರಿನದ್ದೋ ಲಾರಿಯದ್ದೋ? ಘಾಟ್‌ನಲ್ಲಿ ಲಾರಿಗೆ ಮಿತಿ ಕಾರಿಗಿಂತ ಕಡಿಮೆ. ಏನಾದರೂ ತಪ್ಪಿದ್ದರೆ ಮಹಾರಾಷ್ಟ್ರ ಸಂಚಾರ ಪೊಲೀಸರ ಮಹಾಟ್ರಾಫಿಕ್ ಆ್ಯಪ್‌ನಲ್ಲೇ ದೂರು ಕೊಡಬಹುದು. ಸರಿಯಿದ್ದರೆ ಕಟ್ಟಿಬಿಡಿ. ಮುಂದಿನ ಸಲ ಯಜಮಾನರು ಹೊರಟಾಗ ಮಗನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಕಳಿಸಿ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿಕೊಂಡು ಅವನು ಮೊಬೈಲ್‌ನಲ್ಲಿ ಹೊತ್ತು ಹಿಡಿಯಲಿ. ಘಾಟ್‌ನಲ್ಲಿ ಕಲ್ಲಿಂದ ಕಲ್ಲಿಗೆ ಒಂದು ನಿಮಿಷ. ಅದಕ್ಕಿಂತ ಬೇಗ ಬಂದರೆ ಅಪ್ಪನಿಗೆ ಅವನೇ ಹೇಳಲಿ.