ಪ್ರತಿಕ್ರಿಯೆ: ಸುರಂಗದ ನೀರು ಟಾಂಕಿಗೆ ಇಳಿಯುತ್ತಿಲ್ಲ

ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಪೆರ್ಲದ ನಿಮ್ಮ ತೋಟದಲ್ಲಿ ಟಾಂಕಿಯು ಸುರಂಗಕ್ಕಿಂತ, ಅಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಬಿಲಕ್ಕಿಂತ, 15 ಅಡಿ ತಗ್ಗಿನಲ್ಲಿದೆ, ಪೈಪು ನಡುವೆ ದಿಬ್ಬ ಹತ್ತಿ ಇಳಿಯುತ್ತದೆ ಎಂದಿದ್ದೀರಿ. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಕೊಡುತ್ತದೆ. 15 ಅಡಿ ಎಂದರೆ ಸುಮಾರು ನಾಲ್ಕೂವರೆ ಮೀಟರ್, ನಿಮಗೆ ಸಿಗುವುದು ಅದರ ಅರ್ಧಕ್ಕೂ ಕಡಿಮೆ. ದಿಬ್ಬದಾಚೆಯ ಇಳಿಜಾರಿನಲ್ಲಿ ಗಾಳಿ ತುಂಬಿದ್ದರೆ ಅಷ್ಟು ಭಾಗದಲ್ಲಿ ನೀರಿನ ಭಾರವೇ ಇಲ್ಲ, ಹರಿವು ನಿಲ್ಲುತ್ತದೆ. ದಪ್ಪ ಪೈಪಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಒತ್ತಡ ಬರುವುದು ಎತ್ತರದಿಂದ, ಅಗಲದಿಂದಲ್ಲ.

ಮೊದಲು ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ದಿಬ್ಬದ ಮತ್ತು ಸುರಂಗದ ನೀರಿನ ಮಟ್ಟ ಹೋಲಿಸಿ ನೋಡಿ. ದಿಬ್ಬ ಸುರಂಗದ ನೀರಿಗಿಂತ ತಗ್ಗಿದ್ದರೆ ಅದರ ನೆತ್ತಿಯಲ್ಲಿ ಒಂದು ಟಿ (ಮೂರು ಬಾಯಿಯ ಜಾಯಿಂಟ್), ಮೇಲೊಂದು ಸಣ್ಣ ವಾಲ್ವು ಕೂರಿಸಿ. ಟಾಂಕಿಯ ವಾಲ್ವು ಮುಚ್ಚಿ ಇದನ್ನು ತೆರೆಯಿರಿ. ಬುಸುಗುಟ್ಟುವುದು ನಿಂತು ನೀರು ಸಮನಾಗಿ ಬಂದಾಗ ಇದನ್ನು ಮುಚ್ಚಿ, ಟಾಂಕಿಯದನ್ನು ತೆರೆಯಿರಿ.

ದಿಬ್ಬವೇ ಎತ್ತರವಿದ್ದರೆ ಹರಿಯುವಾಗ ಅಲ್ಲಿ ತೆರೆಯಲೇಬಾರದು, ಗಾಳಿ ಒಳನುಗ್ಗುತ್ತದೆ. ಎರಡೂ ತುದಿ ಮುಚ್ಚಿ, ನೆತ್ತಿಯಿಂದ ಪೈಪು ತುಂಬ ನೀರು ಹೊಯ್ದು, ನೆತ್ತಿ ಬಿಗಿಮಾಡಿ ತುದಿಗಳನ್ನು ತೆರೆಯಿರಿ. ಎರಡೂ ಸಂದರ್ಭದಲ್ಲಿ ಸುರಂಗದ ಕಡೆಯ ಪೈಪಿನ ಬಾಯಿ ಸದಾ ನೀರಿನಲ್ಲಿ ಮುಳುಗಿರಬೇಕು, ಬೇಸಿಗೆಯಲ್ಲಂತೂ ನೋಡುತ್ತಿರಿ.

ಗಾಳಿ ಬಿಟ್ಟ ಮೇಲೂ ಬರದಿದ್ದರೆ ಕೆಸರೋ ಬೇರೋ ಕಟ್ಟಿರಬಹುದು. ಆಗ ಅತಿ ತಗ್ಗಿನ ಜಾಯಿಂಟ್ ಬಿಚ್ಚಿ ನೋಡಿ.